ಸೊಳ್ಳೆಮಾವನ ಸಕ್ಕರೆ ಹತ್ತಿ

ಸೊಳ್ಳೆಯ ಹೆಸರಿನಲ್ಲಿ ಹೊಟ್ಟೆ ಹೊರೆಯುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೊಗೆ ಬಿಡುವವರು, ಬತ್ತಿ ಮಾರುವವರು, ಪರದೆ ಹೊಲಿಯುವವರು. ಆದರೆ ಸೊಳ್ಳೆಗಳನ್ನು ಸಾಕಿ, ಅವುಗಳ ಹೊಟ್ಟೆ ತುಂಬಿಸಿ, ತಾನೂ ಹೊಟ್ಟೆ ತುಂಬಿಸಿಕೊಂಡವನು ನಮಗೆ ಗೊತ್ತಿದ್ದ ಹಾಗೆ ಒಬ್ಬನೇ. ಎದುರಿಗೆ ಎಲ್ಲರೂ ಅವನನ್ನು ಮಾವ ಎನ್ನುತ್ತಿದ್ದರು, ಬೆನ್ನ ಹಿಂದೆ ಸೊಳ್ಳೆಮಾವ. ಬೆನ್ನ ಹಿಂದಿನ ಹೆಸರು ಅವನ ಕಿವಿಗೂ ಬಿದ್ದಿತ್ತು. "ಕೊನೆಗೆ ಮಾವ ಅಂತ ಸೇರಿಸ್ತಾರಲ್ಲ, ಅಷ್ಟು ಸಾಕು" ಎಂದು ನಕ್ಕುಬಿಡುತ್ತಿದ್ದ.

ಮೊದಲು ಅವನು ಆಸ್ಪತ್ರೆಯ ಜ್ವರದ ವಾರ್ಡಿನಲ್ಲಿ ಅಟೆಂಡರ್ ಆಗಿದ್ದ. ಸ್ಟ್ರೆಚರ್ ತಳ್ಳುವುದು, ಹಾಸಿಗೆ ಬದಲಿಸುವುದು ಎಲ್ಲವೂ ಅವನ ಕೆಲಸವೇ, ಆದರೆ ಅವನು ಹೆಸರಾಗಿದ್ದು ಉಣ್ಣಿಸುವುದಕ್ಕೆ. ತಟ್ಟೆ ದೂಡಿ ಗೋಡೆಯ ಕಡೆ ಮುಖ ಮಾಡಿ ಮಲಗಿದ ರೋಗಿಯನ್ನು ಎಬ್ಬಿಸಿ ಕೂರಿಸಿ, ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ, "ಇದೊಂದು ತುತ್ತು ನನಗೋಸ್ಕರ, ಇನ್ನೊಂದು ಆ ಡಾಕ್ಟ್ರ ಹೊಟ್ಟೆ ಉರೀಲಿ ಅಂತ" ಎಂದು ನಗಿಸಿ ತಟ್ಟೆ ಖಾಲಿ ಮಾಡಿಸುತ್ತಿದ್ದ. ವೈದ್ಯಶಾಸ್ತ್ರದಲ್ಲಿ ಅವನಿಗೆ ಗೊತ್ತಿದ್ದ ಸೂತ್ರ ಒಂದೇ: ಹೊಟ್ಟೆಗೆ ಬಿದ್ದರೆ ಜೀವ ನಿಲ್ಲುತ್ತದೆ. ಆ ಸೂತ್ರ ಹೆಚ್ಚಿನ ಸಲ ಸರಿಯೇ ಆಗುತ್ತಿದ್ದುದರಿಂದ, ತಪ್ಪಾಗುವ ಸಲದ ಬಗ್ಗೆ ಯೋಚಿಸುವ ಪ್ರಮೇಯ ಅವನಿಗೆ ಬಂದಿರಲಿಲ್ಲ.

ವಯಸ್ಸಾಗುತ್ತಾ ಮಂಡಿ ಕೈಕೊಟ್ಟಿತು. ಇಡೀ ದಿನ ನಿಂತು ಓಡಾಡುವ ಕೆಲಸ ಆಗದು ಎಂದಾಗ, ಆಸ್ಪತ್ರೆಯ ಹಿಂದಿನ ಸಂಶೋಧನಾ ಕಟ್ಟಡಕ್ಕೆ ಅವನನ್ನು ಹಾಕಿದರು. ಕೂತು ಮಾಡುವ ಕೆಲಸ, ಸೊಳ್ಳೆ ಸಾಕುವುದು. ಮೊದಲ ದಿನ ಮನೆಗೆ ಬಂದು ಹೇಳಿದಾಗ ಹೊಲಿಗೆ ಮಿಷಿನ್ನಿನ ಮುಂದೆ ಕೂತಿದ್ದ ಹೆಂಡತಿ ದಾರ ಕಡಿಯುವುದನ್ನೂ ಮರೆತು ಅವನ ಮುಖ ನೋಡಿದಳು.

"ಜನ ಸೊಳ್ಳೆ ಸಾಯ್ಸೋಕೆ ಸಂಬಳ ಕೊಡ್ತಾರೆ. ನಿಮಗೆ ಸಾಕೋಕೆ ಕೊಡ್ತಾರಾ?"

"ಸಾಕಿದ್ರೆ ತಾನೇ ಸಾಯ್ಸೋದು ಹೇಗೆ ಅಂತ ಗೊತ್ತಾಗೋದು" ಎಂದ ಮಾವ, ಹೊಸದಾಗಿ ಕಲಿತ ಪಾಠವನ್ನು ಬಲು ಗಂಭೀರವಾಗಿ ಒಪ್ಪಿಸುತ್ತಾ.

ಸೊಳ್ಳೆ ಕೋಣೆ ಸದಾ ಬೆಚ್ಚಗೆ, ಒದ್ದೆಯಾಗಿ, ಬಟ್ಟೆ ಒಣಗದ ಮನೆಯ ವಾಸನೆ ಹೊಡೆಯುತ್ತಿತ್ತು. ಒಂದರ ಹಿಂದೆ ಒಂದು ಎರಡು ಬಾಗಿಲು. ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆಯುವ ಹಾಗಿಲ್ಲ. ಒಳಗೆ ಕಪಾಟುಗಳಲ್ಲಿ ಬಿಳಿ ಟ್ರೇಗಳು, ಟ್ರೇಗಳಲ್ಲಿ ನೀರು, ನೀರಿನಲ್ಲಿ ಡೊಂಕಾಗಿ ಕುಣಿಯುವ ಮರಿಹುಳುಗಳು. ಅವುಗಳಿಗೆ ಮೀನಿನ ಆಹಾರದ ಪುಡಿ ಉದುರಿಸಬೇಕು. ಅವು ಕಾಮಾ ಚಿಹ್ನೆಯ ಹಾಗೆ ಸುರುಟಿಕೊಂಡಾಗ, ಶಾಯಿ ತುಂಬಿಸುವಂಥ ಫಿಲ್ಲರಿನಿಂದ ಒಂದೊಂದಾಗಿ ಎತ್ತಿ ಬಟ್ಟಲಿಗೆ ಹಾಕಿ, ಬಟ್ಟಲನ್ನು ಪರದೆಯ ಪಂಜರದೊಳಗೆ ಇಡಬೇಕು. ರೆಕ್ಕೆ ಮೂಡಿ ಹೊರಬಂದವುಗಳಿಗೆ ಸಕ್ಕರೆ ನೀರಿನಲ್ಲಿ ನೆನೆಸಿದ ಹತ್ತಿಯ ಉಂಡೆ. ಪಂಜರದೊಳಗೆ ಕೈ ಹಾಕಲು ಬಟ್ಟೆಯ ತೋಳು ಇರುತ್ತಿತ್ತು. ಅದು ಹರಿದರೆ ಮಾವನ ಹೆಂಡತಿಯೇ ಹೊಸದು ಹೊಲಿದು ಕೊಡುತ್ತಿದ್ದಳು. ಸಕ್ಕರೆ ಹತ್ತಿ ಗಂಡು ಹೆಣ್ಣು ಎರಡಕ್ಕೂ, ರಕ್ತ ಮಾತ್ರ ಹೆಣ್ಣುಗಳಿಗೆ ಮೊಟ್ಟೆ ಇಡುವುದಕ್ಕೆ ಎಂದು ತಿಳಿದಾಗ ಅವಳು, "ನೋಡಿ, ಅಲ್ಲೂ ಹಾಗೇ. ಗಂಡಸರು ಸಕ್ಕರೆ ನೀರು ಕುಡ್ಕೊಂಡು ತಣ್ಣಗೆ ಕೂತಿರ್ತಾರೆ, ಬೈಗುಳವೆಲ್ಲ ಹೆಂಗಸರಿಗೆ" ಎಂದಿದ್ದಳು.

ಮಾವನಿಗೆ ಆ ಕೋಣೆ ಮತ್ತೊಂದು ವಾರ್ಡಾಯಿತು. ಸಕ್ಕರೆ ನೀರನ್ನು ಮಕ್ಕಳಿಗೆ ಹಾಲು ಆರಿಸುವ ಹಾಗೆ ಆರಿಸಿ ಹದ ನೋಡುತ್ತಿದ್ದ. ಹೊಗಳಿಕೊಳ್ಳುತ್ತಿದ್ದ ಕೂಡ: "ನನ್ನ ಸೊಳ್ಳೆ ನೋಡಿ, ಹೊರಗಿನವು ಇದರ ಮುಂದೆ ಬಡಕಲು." ಅದು ಹೆಮ್ಮೆ ಪಡುವ ವಿಷಯವೇ ಎಂದು ಯಾರೂ ಅವನನ್ನು ಕೇಳಲಿಲ್ಲ, ಅಷ್ಟು ಸಂತೋಷದಿಂದ ಹೇಳುವವನ ಬಾಯಿ ಮುಚ್ಚಿಸುವುದು ಯಾರಿಗೆ ಬೇಕು?

ಹೀಗಿರುವಾಗ ಡಾಕ್ಟರೇಟಿಗಾಗಿ ಓದುವ ಹುಡುಗಿಯೊಬ್ಬಳು ಬಂದಳು. ಪದವಿ ಇನ್ನೂ ಕೈಗೆ ಬಂದಿರಲಿಲ್ಲ, ಮಾವ ಮೊದಲ ದಿನದಿಂದಲೇ ಅವಳನ್ನು ಡಾಕ್ಟ್ರಮ್ಮ ಎಂದು ಕರೆದ. ತೆಳ್ಳಗಿನ ಮೈ, ಮೂಗಿನ ತುದಿಗೆ ಜಾರುವ ಕನ್ನಡಕ, ಊಟದ ಹೊತ್ತಿನ ಪರಿವೆಯೇ ಇಲ್ಲ. ಒಪ್ಪೊತ್ತು ಉಂಡು ಉಳಿದದ್ದನ್ನು ಚಹಾದಲ್ಲಿ ತಳ್ಳುತ್ತಾಳೆಂದು ಗೊತ್ತಾದ ಮೇಲೆ ಮಾವನ ಊಟದ ಡಬ್ಬಿಗೆ ಒಂದು ಅಂತಸ್ತು ಹೆಚ್ಚಾಯಿತು. ಕೋಣೆಯ ಹೊರಗಿನ ಬೆಂಚಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಉಣ್ಣುತ್ತಿದ್ದರು. ಅವಳಿಗೆ ಅಪ್ಪ ಇರಲಿಲ್ಲ, ಮಾವನಿಗೆ ಮಕ್ಕಳಿರಲಿಲ್ಲ. ಇದನ್ನು ಇಬ್ಬರೂ ಒಮ್ಮೆಯೂ ಬಾಯಿ ಬಿಟ್ಟು ಹೇಳಿಕೊಂಡವರಲ್ಲ.

ಅವಳು ಬೆನ್ನು ಹತ್ತಿದ್ದ ಪ್ರಶ್ನೆ ಇದು. ವೈರಸ್ ಇರುವ ರಕ್ತ ಕುಡಿದ ಸೊಳ್ಳೆಯ ಮೈಯಲ್ಲಿ ಆ ವೈರಸ್ ಬೆಳೆದು ಹರಡುತ್ತದೆ, ಎಂಜಲಿಗೂ ಬರುತ್ತದೆ. ಆಗ ಸೊಳ್ಳೆಯ ನಡತೆ ಮೊದಲಿನ ಹಾಗೇ ಇರುತ್ತದೆಯೋ, ಬದಲಾಗುತ್ತದೆಯೋ?

"ಒಂದು ಸೊಳ್ಳೆ ಒಬ್ಬರ ಹತ್ರಾನೇ ಹೊಟ್ಟೆ ತುಂಬ ಕುಡಿದ್ರೆ ಅಲ್ಲಿಗೆ ಮುಗೀತು ಮಾವ. ಅದೇ ಅರ್ಧಕ್ಕೆ ಎದ್ದು, ಇನ್ನೊಬ್ಬರಿಗೆ ಚುಚ್ಚಿ, ಅಲ್ಲೂ ಎದ್ದು ಮತ್ತೊಬ್ಬರ ಹತ್ರ ಹೋದ್ರೆ?"

"ಒಂದೇ ಸೊಳ್ಳೆ, ಮೂರು ಮನೆಗೆ ಜ್ವರ" ಎಂದ ಮಾವ.

"ಅದೇ! ವೈರಸ್ಸಿಗೆ ಅದೇ ಲಾಭ. ಆದ್ರೆ ನಿಜವಾಗಿ ಹಾಗಾಗುತ್ತಾ? ಕೆಲವರು ಹೌದು ಅಂತಾರೆ, ಕೆಲವರು ಇಲ್ಲ ಅಂತಾರೆ. ನಾನು ನೋಡ್ಬೇಕು."

"ಪಾಪ, ಅವಕ್ಕೆ ಜ್ವರ ಬರುತ್ತಾ?"

"ಸೊಳ್ಳೆಗೆ ಜ್ವರ ಬರಲ್ಲ ಮಾವ. ಮೈ ಬಿಸಿ ಆಗೋ ಜಾತಿ ಅಲ್ಲ ಅವು."

ಮಾವ ತಲೆಯಾಡಿಸಿದ. ಒಪ್ಪಿಕೊಂಡನೆಂದು ಅವಳು ತಿಳಿದಳು. ಅವನು ಒಪ್ಪಿರಲಿಲ್ಲ. ಮೈಯಲ್ಲಿ ರೋಗ ಇದೆ ಎಂದ ಮೇಲೆ ಅದು ರೋಗಿಯೇ. ಜ್ವರ ಬರಲಿ ಬಿಡಲಿ.

ವೈರಸ್ ಹೊತ್ತ ಸೊಳ್ಳೆಗಳನ್ನು ಒಳಕೋಣೆಯಲ್ಲಿ ಇಡುತ್ತಿದ್ದರು. ಅಲ್ಲಿಗೆ ಹೋಗಬೇಕಾದರೆ ಬೇರೆ ಬೀಗ, ಬೇರೆ ಕೋಟು, ಬೇರೆ ಟೋಪಿ. ಪಂಜರಗಳು ಗಾಜಿನ ಪೆಟ್ಟಿಗೆಯೊಳಗೆ. ಆ ಪೆಟ್ಟಿಗೆಗೇ ಅಂಟಿಸಿದ ರಬ್ಬರ್ ಕೈಗವಸಿನಲ್ಲಿ ಕೈ ತೂರಿಸಿ ಕೆಲಸ ಮಾಡಬೇಕು. ಆ ಬೀಗದ ಕೈ ಕಟ್ಟಡದ ಮುಖ್ಯಸ್ಥರಾದ ಪ್ರೊಫೆಸರ್ ಹತ್ತಿರ ಒಂದು, ಡಾಕ್ಟ್ರಮ್ಮನ ಹತ್ತಿರ ಒಂದು. ಮೂರನೆಯದನ್ನು ತರಬೇತಿ ಕೊಟ್ಟು, ಪರೀಕ್ಷೆ ಮಾಡಿ, ಮಾವನಿಗೆ ಕೊಟ್ಟರು. ಕೊರಳಿಗೆ ದಾರ ಕಟ್ಟಿ ಅದನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡ ಅವನ ಠೀವಿ ನೋಡಿ ಹೆಂಡತಿ, "ನಮ್ಮನೆ ಪೆಟ್ಟಿಗೆ ಬೀಗದ ಕೈ ಎಲ್ಲಿದೆ ಅಂತಾನೇ ಗೊತ್ತಿಲ್ಲ ನಿಮಗೆ, ಸೊಳ್ಳೆ ಖಜಾನೆಗೆ ಕಾವಲು ಬೇರೆ" ಎಂದಳು. ಆಸ್ಪತ್ರೆಯಲ್ಲಿ ಅವನನ್ನು ನಂಬಿ ಯಾರೂ ಒಂದು ಬೀಗದ ಕೈ ಕೊಟ್ಟಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆ ದಿನ ಅವನ ಅಂಗಿಗೆ ಅವಳೇ ಇಸ್ತ್ರಿ ಹಾಕಿದ್ದಳು.

ಪರೀಕ್ಷೆಯ ಕ್ರಮ ಸರಳ. ಒಂದು ಪಂಜರದಲ್ಲಿ ವೈರಸ್ ಇರುವ ಸೊಳ್ಳೆಗಳು, ಇನ್ನೊಂದರಲ್ಲಿ ಇಲ್ಲದವು. ಹಿಂದಿನ ದಿನ ಮಧ್ಯಾಹ್ನವೇ ಎರಡರಿಂದಲೂ ಸಕ್ಕರೆ ಹತ್ತಿ ತೆಗೆದು ಹಸಿವಿಗೆ ಬಿಡಬೇಕು. ಮಾರನೆಯ ಬೆಳಿಗ್ಗೆ ತೆಳುವಾದ ಪೊರೆ ಕಟ್ಟಿದ ಗಾಜಿನ ಬಟ್ಟಲಲ್ಲಿ ಬೆಚ್ಚಗಿನ ರಕ್ತ ಇಟ್ಟು, ಯಾವುದು ಬಂದು ಕೂರುತ್ತದೆ, ಎಷ್ಟು ಸಲ ಚುಚ್ಚುತ್ತದೆ, ಎಷ್ಟು ಹೊತ್ತು ಕುಡಿಯುತ್ತದೆ ಎಂದು ಕ್ಯಾಮೆರಾದಲ್ಲಿ ಹಿಡಿಯಬೇಕು. ಹತ್ತಿ ತೆಗೆಯುವ ಕೆಲಸ ಮಾವನದು.

ಮಾವ ಎರಡೂ ಪಂಜರದಿಂದ ಹತ್ತಿ ತೆಗೆದ. ಆರೋಗ್ಯವಾಗಿದ್ದವನ್ನು ನೋಡಿ, "ಒಂದು ದಿನ ಉಪವಾಸ, ಏನಾಗಲ್ಲ ನಿಮಗೆ" ಎಂದ. ಆಮೇಲೆ ಇನ್ನೊಂದು ಪಂಜರದ ಮುಂದೆ ನಿಂತ. ಅವು ಪರದೆಗೆ ಅಂಟಿಕೊಂಡು ಸುಮ್ಮನೆ ಕೂತಿದ್ದವು. ಜ್ವರದ ವಾರ್ಡಿನಲ್ಲಿ ಇಷ್ಟು ವರ್ಷ ಕಳೆದವನ ಕೈ ಅಲ್ಲಿಂದ ಖಾಲಿ ಹಿಂದಕ್ಕೆ ಬರಲಿಲ್ಲ. ಒಂದು ಚಿಕ್ಕ ಹತ್ತಿಯ ಉಂಡೆ, ನೆಲ್ಲಿಕಾಯಿಯಷ್ಟು ದೊಡ್ಡದೂ ಅಲ್ಲ, ಸಕ್ಕರೆ ನೀರಲ್ಲಿ ಅದ್ದಿ ಮೂಲೆಯಲ್ಲಿ ಇಟ್ಟ. ಬೆಳಿಗ್ಗೆ ಡಾಕ್ಟ್ರಮ್ಮ ಬರುವ ಮುಂಚೆ ತೆಗೆದ. ರೋಗಿಗೆ ರಾತ್ರಿ ಒಂದು ಲೋಟ ಹಾಲು ಕೊಟ್ಟ ಹಾಗೆ, ಅಷ್ಟೇ ಎಂದುಕೊಂಡ. ಮೋಸ ಎಂಬ ಪದ ಅವನ ತಲೆಯ ಹತ್ತಿರವೂ ಸುಳಿಯಲಿಲ್ಲ. ಪ್ರತಿ ಪರೀಕ್ಷೆಯ ಹಿಂದಿನ ದಿನವೂ ಹಾಗೆಯೇ ಮಾಡಿದ.

ಫಲಿತಾಂಶ ನೋಡಿ ಇಡೀ ಕಟ್ಟಡವೇ ಮೂಗಿನ ಮೇಲೆ ಬೆರಳಿಟ್ಟಿತು. ಆರೋಗ್ಯದ ಸೊಳ್ಳೆಗಳು ರಕ್ತಕ್ಕೆ ಮುಗಿಬಿದ್ದವು; ವೈರಸ್ ಇದ್ದವು ಬಟ್ಟಲಿನ ಕಡೆ ತಿರುಗಿಯೂ ನೋಡಲಿಲ್ಲ. ಯಾರೂ ಹೀಗೆ ಊಹಿಸಿರಲಿಲ್ಲ. ವೈರಸ್ ಹತ್ತಿದ ಸೊಳ್ಳೆ ಸೋಮಾರಿಯಾಗುತ್ತದೆ, ಕಚ್ಚುವ ಆಸೆಯನ್ನೇ ಬಿಡುತ್ತದೆ! ಯಾರಿಗೂ ಸುಲಭಕ್ಕೆ ಭೇಷ್ ಎನ್ನದ ಪ್ರೊಫೆಸರ್ ಕೂಡ ಡಾಕ್ಟ್ರಮ್ಮನ ಬೆನ್ನು ತಟ್ಟಿದರು. ದೊಡ್ಡ ಸಮ್ಮೇಳನದಲ್ಲಿ ಅವಳೇ ಮಾತಾಡಬೇಕೆಂದು ನಿಶ್ಚಯವಾಯಿತು. ಕೇಕ್ ಬಂತು. ಮೊದಲ ತುಂಡನ್ನು ಅವಳು ಮಾವನ ಬಾಯಿಗಿಟ್ಟಳು. ಅವನಿಗೆ ಕಣ್ಣಲ್ಲಿ ನೀರು ತುಂಬಿಕೊಂಡಿತು, ಕೇಕ್ ಯಾವ ರುಚಿ ಇತ್ತೆಂದು ಕೂಡ ತಿಳಿಯಲಿಲ್ಲ.

ಮಾತಿನ ಅಭ್ಯಾಸ ಅವಳು ಮಾಡುತ್ತಿದ್ದುದು ಮಾವನ ಮುಂದೆಯೇ. "ನಿಮಗೆ ಅರ್ಥ ಆದ್ರೆ ಎಲ್ರಿಗೂ ಅರ್ಥ ಆಗುತ್ತೆ" ಎನ್ನುವಳು. ಆವತ್ತೂ ಟ್ರೇಗಳ ಮಧ್ಯೆ ನಿಂತು, ಕೈಯಲ್ಲಿ ಪೆನ್ನು ಹಿಡಿದು, ಎದುರಿಗೆ ಸಾವಿರ ಜನ ಇರುವವಳಂತೆ ಶುರು ಮಾಡಿದಳು. ಮಾವ ಸ್ಟೂಲಿನಲ್ಲಿ ಕೂತು ಫಿಲ್ಲರಿನಿಂದ ಕಾಮಾದಂಥ ಮರಿಗಳನ್ನು ಎತ್ತುತ್ತಾ ಕೇಳುತ್ತಿದ್ದ.

"ಯಾರಾದ್ರೂ ಕೇಳಬಹುದು, ಇವು ಸುಮ್ಮನೆ ಹೊಟ್ಟೆ ತುಂಬಿ ಕೂತಿದ್ವೋ ಏನೋ ಅಂತ. ಇಲ್ಲ. ಎರಡೂ ಪಂಜರಕ್ಕೆ ಒಂದೇ ಹಸಿವು. ಒಂದೇ ಹೊತ್ತಿಗೆ ಸಕ್ಕರೆ ನಿಲ್ಸಿದ್ವಿ. ಹಸಿದಿದ್ರೂ ಇವು ಬರಲಿಲ್ಲ. ಹಾಗಾಗಿ ಇದು ವೈರಸ್ಸಿನ ಕೆಲಸವೇ."

ಮಾವನ ಫಿಲ್ಲರಿನೊಳಗಿನ ಕಾಮಾ ನೆಲಕ್ಕೆ ಬಿತ್ತು.

"ಹೇಗಿದೆ ಮಾವ?"

"ಚೆನ್ನಾಗಿದೆ ತಾಯಿ" ಎಂದ.

ಆ ದಿನ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಅನ್ನ ಕಲಸಿದ, ಕಲಸಿದ, ಬಾಯಿಗೆ ಮಾತ್ರ ಇಡಲಿಲ್ಲ. "ಊರಿಗೆಲ್ಲ ಉಣ್ಸೋರು ಇವತ್ತು ತಟ್ಟೆ ದೂಡ್ತಿದ್ದೀರಲ್ಲ, ಏನಾಯ್ತು?" ಎಂದು ಹೆಂಡತಿ ಕೇಳಿದ್ದೇ ತಡ, ಎಲ್ಲವನ್ನೂ ಹೇಳಿಬಿಟ್ಟ. ಅವಳು ಮೊದಲು ಹಣೆ ಚಚ್ಚಿಕೊಂಡಳು. ಆಮೇಲೆ ಗಂಡನ ಮುಖ ನೋಡಿ ಕನಿಕರಿಸಿದಳು.

"ಸುಮ್ನಿದ್ದುಬಿಡಿ. ಸೊಳ್ಳೆ ಬಂದು ಸಾಕ್ಷಿ ಹೇಳುತ್ತಾ?"

"ಹೇಳಲ್ಲ."

"ಹೇಳಿದ್ರೆ ನಿಮ್ಮ ಬೀಗದ ಕೈ ಹೋಗುತ್ತೆ."

"ಹೋಗುತ್ತೆ. ಅವಳ ಮುಖದ ಮೇಲಿನ ನಗೂನೂ ಹೋಗುತ್ತೆ ಕಣೇ. ಆ ಮಗು ಹಾಗೆ ನಕ್ಕಿದ್ದು ನಾನು ನೋಡೇ ಇರ್ಲಿಲ್ಲ."

ಹೆಂಡತಿ ಪಾತ್ರೆ ಎತ್ತಿಟ್ಟು, ಒಲೆ ಒರೆಸಿ, ಮತ್ತೆ ಅವನೆದುರಿಗೆ ಬಂದು ಕೂತಳು. "ಅಲ್ಲಾ ರೀ, ಕಾಯಿಲೆ ಸೊಳ್ಳೆ ಕಚ್ಚಲ್ಲ ಅಂತ ಅವಳು ಅಷ್ಟು ಜನರ ಮುಂದೆ ಹೇಳ್ತಾಳೆ. ನಾಳೆ ಇನ್ಯಾರೋ ನೋಡಿ, ಕಚ್ಚುತ್ತೆ ಅಂತಾರೆ. ಆಗ ಸುಳ್ಳಿ ಅನ್ನಿಸ್ಕೊಳ್ಳೋದು ಯಾರು? ನೀವಾ? ನಿಮ್ಮ ಹೆಸರು ಯಾರಿಗೆ ಗೊತ್ತು? ಬೀಗದ ಕೈ ಹೋದ್ರೆ ಹೋಯ್ತು. ಆ ಹುಡುಗಿಗೆ ಸುಳ್ಳಿ ಅನ್ನೋ ಹೆಸರು ಅಂಟಿಸ್ಬೇಡಿ."

ಇಷ್ಟು ಹೇಳಿ ಅವಳು ತಟ್ಟೆಯಿಂದ ಒಂದು ತುತ್ತು ಎತ್ತಿ ಅವನ ಬಾಯಿಗಿಟ್ಟಳು. ಅವನು ನುಂಗಿದ.

ಬೆಳಿಗ್ಗೆ ಡಾಕ್ಟ್ರಮ್ಮ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗಲೇ ಮಾವ ಬಾಗಿಲಲ್ಲಿ ನಿಂತಿದ್ದ.

"ಡಾಕ್ಟ್ರಮ್ಮ, ಆ ಮಾತು ತೆಗೆದುಹಾಕು."

"ಯಾವ ಮಾತು?"

"ಒಂದೇ ಹಸಿವು ಅನ್ನೋದು. ಒಂದೇ ಹಸಿವು ಇರ್ಲಿಲ್ಲ. ಕಾಯಿಲೆ ಇದ್ದವಕ್ಕೆ ನಾನು ಸಕ್ಕರೆ ಹಾಕಿದ್ದೆ."

ಅವಳು ಮೊದಲು ನಕ್ಕಳು, ಅವನು ತಮಾಷೆ ಮಾಡುತ್ತಿದ್ದಾನೆಂದು. ನಗು ಅರ್ಧಕ್ಕೇ ನಿಂತಿತು. "ಯಾವ ಸಲ?"

"ಎಲ್ಲಾ ಸಲ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಸ್ಟೂಲಿನಲ್ಲಿ ಕೂತು ಕನ್ನಡಕ ತೆಗೆದು, ಅಂಗೈಯಿಂದ ಕಣ್ಣೊತ್ತಿಕೊಂಡಳು. "ಯಾಕೆ ಮಾವ?" ಎಂದಳು.

"ಕಾಯಿಲೆ ಇದ್ದೋರನ್ನ ಹಸಿವಿಗೆ ಕೆಡವೋದು ನನಗೆ ಗೊತ್ತಿಲ್ಲ."

"ಅವು ಸೊಳ್ಳೆ ಮಾವ!"

"ಗೊತ್ತು ತಾಯಿ. ಕೈಗೆ ಗೊತ್ತಾಗ್ಲಿಲ್ಲ."

ಅವಳೇ ಹೋಗಿ ಪ್ರೊಫೆಸರ್‌ಗೆ ಹೇಳಿದಳು. ಸಮ್ಮೇಳನದ ಮಾತನ್ನು ವಾಪಸು ತೆಗೆದುಕೊಂಡಳು. ಪ್ರೊಫೆಸರ್ ಮಾವನನ್ನು ಕರೆಸಿ, ನಿಲ್ಲಿಸಿ, ಕಡ್ಡಿ ಮುರಿದ ಹಾಗೆ ನಾಲ್ಕು ಮಾತಾಡಿದರು. ಆ ನಾಲ್ಕೂ ನ್ಯಾಯವಾದ ಮಾತುಗಳೇ. ಅವನ ಪಕ್ಷ ವಹಿಸಬೇಕೆಂದಿರುವ ನಮಗೂ ಅದರಲ್ಲಿ ತಪ್ಪು ಹುಡುಕಲಾಗದು. ಮಾವ ಕೊರಳಿನ ದಾರ ತೆಗೆದು ಬೀಗದ ಕೈಯನ್ನು ಮೇಜಿನ ಮೇಲಿಟ್ಟ. ಹೊರಗಿನ ಕೋಣೆಯ ಕೆಲಸ ಉಳಿಯಿತು, ಅದೇ ದೊಡ್ಡದು.

ಆಮೇಲೆ ಬಹಳ ದಿನ ಡಾಕ್ಟ್ರಮ್ಮ ಬೆಂಚಿಗೆ ಬರಲಿಲ್ಲ. ಎದುರಿಗೆ ಸಿಕ್ಕರೆ "ಟ್ರೇ ಆಯ್ತಾ?" ಎಂದಷ್ಟೇ ಕೇಳುವಳು. ಮಾವ ಡಬ್ಬಿಯ ಹೆಚ್ಚಿನ ಅಂತಸ್ತನ್ನು ತರುವುದು ಬಿಡಲಿಲ್ಲ, ಅದು ತುಂಬಿದ್ದು ತುಂಬಿದ ಹಾಗೇ ಮನೆಗೆ ಹೋಗುತ್ತಿತ್ತು. "ಇನ್ನೂ ಕೋಪಾನಾ?" ಎಂದು ಹೆಂಡತಿ ಕೇಳಿದರೆ, "ಇರ್ಬೇಕಾದ್ದೇ" ಎನ್ನುತ್ತಿದ್ದ. ಡಾಕ್ಟ್ರಮ್ಮ ಮತ್ತೆ ಮೊದಲಿನಿಂದ ಎಲ್ಲವನ್ನೂ ಒಬ್ಬಳೇ ಮಾಡುತ್ತಿದ್ದಳು. ಅವಳ ಮುಖ ಇನ್ನಷ್ಟು ಇಳಿದುಹೋಗಿತ್ತು. ಗಾಜಿನಾಚೆ ಅವಳ ಬಿಳಿ ಟೋಪಿ ಓಡಾಡುವುದನ್ನು ಮಾವ ಕೆಲಸ ಬಿಟ್ಟು ನೋಡುತ್ತಿದ್ದ. ತಾನು ಸೊಳ್ಳೆಗೆ ಹಾಕಿದ ಸಕ್ಕರೆಯನ್ನು ಈ ಹುಡುಗಿಯ ಬಾಯಿಂದ ಕಸಿದು ಹಾಕಿದೆನಲ್ಲ ಎಂದು ಸಂಕಟಪಡುತ್ತಿದ್ದ.

ಒಂದು ಮಧ್ಯಾಹ್ನ ಅವಳು ಒಳಕೋಣೆಯಿಂದ ಬಂದು, ಕೈ ತೊಳೆದು, ಟೋಪಿಯನ್ನೂ ತೆಗೆಯದೆ ಅವನ ತೋಳು ಹಿಡಿದೆಳೆದಳು. "ಬನ್ನಿ, ನೋಡ್ಬನ್ನಿ."

ಕಂಪ್ಯೂಟರಿನ ಪರದೆಯ ಮೇಲೆ ಕ್ಯಾಮೆರಾ ಹಿಡಿದದ್ದು ಓಡುತ್ತಿತ್ತು. ಎರಡೂ ಪಂಜರಗಳು ಈ ಸಲ ನಿಜವಾಗಿ ಹಸಿದಿದ್ದವು. ಆರೋಗ್ಯದ್ದೊಂದು ಬಂದು ಪೊರೆಯ ಮೇಲೆ ಕೂತು, ಚುಚ್ಚಿ, ಹೊಟ್ಟೆ ಕೆಂಪು ಮಣಿಯಾಗುವವರೆಗೆ ಕುಡಿದು ಹೋಯಿತು. ವೈರಸ್ ಇದ್ದದ್ದು ಬಂತು, ಚುಚ್ಚಿತು, ಎದ್ದಿತು. ಪಕ್ಕದಲ್ಲಿ ಚುಚ್ಚಿತು, ಎದ್ದಿತು. ಮತ್ತೆ ಬಂತು. ಒಂದಲ್ಲ, ಹೆಚ್ಚಿನವು ಹಾಗೇ. ಎಷ್ಟು ಚುಚ್ಚಿದರೂ ಅವಕ್ಕೆ ಹೊಟ್ಟೆ ತುಂಬುತ್ತಿರಲಿಲ್ಲ, ಕೂತಲ್ಲಿ ನೆಮ್ಮದಿ ಇರಲಿಲ್ಲ.

"ನೋಡಿದ್ರಾ? ಇಷ್ಟಕ್ಕೇ ಪೂರ್ತಿ ಗೊತ್ತಾಯ್ತು ಅನ್ನಲ್ಲ, ಇನ್ನೂ ಮಾಡ್ಬೇಕು. ಆದ್ರೆ ಸೋಮಾರಿ ಅಲ್ಲ ಮಾವ ಇವು. ನಾನು ಸಭೇಲಿ ಉಲ್ಟಾ ಹೇಳಿ ಬರ್ತಿದ್ದೆ. ಕಾಯಿಲೆ ಸೊಳ್ಳೆ ಕಚ್ಚಲ್ಲ ಅಂತ ಜನ ಸೊಳ್ಳೆ ಪರದೆ ಎತ್ತಿಟ್ಟಿದ್ರೆ?" ಅವಳು ಅವನ ಕಡೆ ತಿರುಗಿದಳು. "ನೀವು ಹೇಳದೇ ಇದ್ದಿದ್ರೆ..."

ಮಾವ ಪರದೆಯ ಮೇಲಿನಿಂದ ಕಣ್ಣು ತೆಗೆದಿರಲಿಲ್ಲ. ಅವನು ವಾರ್ಡಿನಲ್ಲಿ ಎಷ್ಟು ಜನರನ್ನು ಹೀಗೆ ನೋಡಿದ್ದ! ಹಸಿವು ಎನ್ನುತ್ತಾರೆ, ತಟ್ಟೆ ಕೊಟ್ಟರೆ ಒಂದು ತುತ್ತು ಕಚ್ಚಿ ಇಡುತ್ತಾರೆ, ಮತ್ತೆ ಹಸಿವು ಎನ್ನುತ್ತಾರೆ.

ಡಾಕ್ಟ್ರಮ್ಮ ಕೋಟಿನ ಜೇಬಿನಿಂದ ಬೀಗದ ಕೈ ತೆಗೆದು ಅವನ ಮುಂದಿಟ್ಟಳು. "ಪ್ರೊಫೆಸರ್ ಹತ್ರ ಜಗಳ ಆಡಿ ತಂದಿದ್ದೀನಿ. ಇನ್ಮುಂದೆ ಮಾವ ಹಾಗೆ ಮಾಡಲ್ಲ ಅಂತ ನಾನೇ ಮಾತು ಕೊಟ್ಟಿದ್ದೀನಿ. ತಗೊಳ್ಳಿ."

ಮಾವ ಅದನ್ನು ನೋಡಿದ. ಕೈ ಮುಂದೆ ಹೋಯಿತು, ಅರ್ಧದಲ್ಲಿ ನಿಂತಿತು. ಅವನಿಗೆ ಅದು ಬೇಕಿತ್ತು. ಅದಿಲ್ಲದ ಕೊರಳನ್ನು ಈ ದಿನಗಳಲ್ಲೆಲ್ಲ ಎಷ್ಟು ಸಲ ತಡವಿಕೊಂಡಿದ್ದನೋ ಅವನಿಗೇ ಗೊತ್ತು.

"ಯಾಕೆ ತಾಯಿ ಅಂಥ ಮಾತು ಕೊಟ್ಟೆ?" ಎಂದ. "ನೀನೇ ಇಟ್ಕೋ. ನಾನು ಒಳಗೆ ಹೋದ್ರೆ ಮತ್ತೆ ಹಾಕ್ತೀನಿ. ತಪ್ಪು ಅಂತ ಈಗ ಚೆನ್ನಾಗಿ ಗೊತ್ತು, ಆದ್ರೂ ಹಾಕ್ತೀನಿ. ಈ ಸಲ ನಿನ್ನ ಹತ್ರ ಹೇಳೋ ಧೈರ್ಯಾನೂ ಬರಲ್ಲ."

ತಮಾಷೆಯೇನೋ ಎಂದು ಅವಳು ಅವನ ಮುಖ ನೋಡಿದಳು. ತಮಾಷೆ ಇರಲಿಲ್ಲ. ತನ್ನ ಮೇಲೆ ತನಗಿರುವ ಅಪನಂಬಿಕೆಯನ್ನು ಇಷ್ಟು ಪ್ರೀತಿಯಿಂದ ಯಾರಾದರೂ ಎದುರಿಗಿಟ್ಟದ್ದನ್ನು ಅವಳು ಕಂಡಿರಲಿಲ್ಲ. ಅಳು ಬಂತು, ತಡೆದುಕೊಂಡಳು. ನಗು ಬಂತು, ಅದನ್ನು ತಡೆಯಲಿಲ್ಲ.

ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, "ಹಾಗಾದ್ರೆ ನನಗೆ ಹಸಿವಾಗ್ತಿದೆ" ಎಂದಳು.

ಮಾವ ಮಂಡಿ ಹಿಡಿದುಕೊಂಡು ಎದ್ದು, ಬೇಗ ಬೇಗ ಬೆಂಚಿನ ಕಡೆ ನಡೆದ.